ಕ್ಯಾಟಲಿಸ್ಟ್‌ನಲ್ಲಿ ಲೋಹದ ಮೈ ಎಷ್ಟು? ಅನಿಲ ಕೊಟ್ಟು ಅಳೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳಲ್ಲಿ ಕೆಲವು ಲ್ಯಾಬ್‌ನಲ್ಲಿ ಯಂತ್ರದ ಪಕ್ಕ ನಿಂತು ಕೇಳಿದ್ದು, ಕೆಲವು ಪತ್ರದಲ್ಲಿ ಬಂದದ್ದು. ಕೇಳಿದವರಲ್ಲಿ ಎಂಎಸ್ಸಿ ಓದುವವರಿದ್ದಾರೆ, ಪಿಎಚ್‌ಡಿಯ ಮೂರನೇ ವರ್ಷದಲ್ಲಿ ಸಿಕ್ಕಿಬಿದ್ದವರಿದ್ದಾರೆ, ಕಾರ್ಖಾನೆಯ ಎಂಜಿನಿಯರುಗಳಿದ್ದಾರೆ. ಅವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಪಠ್ಯಪುಸ್ತಕದಲ್ಲಿ ‘ವೇಗವರ್ಧಕ’ ಎಂದಿರುತ್ತದೆ. ಲ್ಯಾಬ್‌ನಲ್ಲಿ ಎಲ್ಲರೂ ಕ್ಯಾಟಲಿಸ್ಟ್ ಅಂತಲೇ ಅನ್ನುವುದು, ಇಲ್ಲೂ ಹಾಗೇ ಬರೆದಿದ್ದೇನೆ.

## ಮೊದಲಿಗೆ

ಬಿಇಟಿ ಮಾಡಿಸಿದ್ದೀನಿ, 200 ಬಂದಿದೆ. ಮತ್ತೆ ಇನ್ನೊಂದು ಸರ್ಫೇಸ್ ಏರಿಯಾ ಯಾಕೆ ಬೇಕು?

ಬಿಇಟಿ ಹೇಳುವುದು ಇಡೀ ಪುಡಿಯ ಮೇಲ್ಮೈ. ಬ್ರುನೌಯರ್, ಎಮ್ಮೆಟ್, ಟೆಲ್ಲರ್ ಮೂವರೂ 1938ರಲ್ಲಿ ಕೊಟ್ಟ ವಿಧಾನ ಅದು. −196 ಡಿಗ್ರಿಯಲ್ಲಿ ನೈಟ್ರೋಜನ್ ಇಬ್ಬನಿಯ ಹಾಗೆ ಎಲ್ಲ ಕಡೆಯೂ ಕೂರುತ್ತದೆ. ಲೋಹವನ್ನು ಹೊತ್ತ ಆಧಾರದ ಪುಡಿಯಾದ ಅಲ್ಯುಮಿನಾ ಯಾವುದು, ಅದರ ಮೇಲೆ ಹರಡಿದ ಪ್ಲಾಟಿನಂ ಯಾವುದು ಎಂದು ಅದು ನೋಡುವುದಿಲ್ಲ.

ನಿಮ್ಮ ಒಂದು ಗ್ರಾಂ ಪುಡಿಯಲ್ಲಿ 200 ಚದರ ಮೀಟರ್ ಇದೆ ಅಂದರೆ ಹೆಚ್ಚುಕಡಿಮೆ ಎರಡು 30-40 ಸೈಟಿನಷ್ಟು ಜಾಗ. ಅದರಲ್ಲಿ ಪ್ಲಾಟಿನಂನ ಪಾಲು ಒಂದು ಚಾಪೆಯಷ್ಟು ಇರಬಹುದು. ರಾಸಾಯನಿಕ ಕ್ರಿಯೆ ನಡೆಯುವುದು ಚಾಪೆಯ ಮೇಲೆ. ಸೈಟು ಅಳೆದರೆ ಚಾಪೆ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಹಾಗಾಗಿ ಚಾಪೆಗೆ ಮಾತ್ರ ಅಂಟುವ ಅನಿಲವೊಂದು ಬೇಕು.

ಅನಿಲ ಲೋಹಕ್ಕೆ ಮಾತ್ರ ಅಂಟಿಕೊಳ್ಳುತ್ತೆ ಅಂತ ಹೇಗೆ ನಂಬೋದು?

ಇದು ಬರೀ ಅಂಟುವುದಲ್ಲ, ರಾಸಾಯನಿಕ ಕ್ರಿಯೆ. ಕೆಮಿಸಾರ್ಪ್ಷನ್ ಎಂದು ಇದರ ಹೆಸರು. 35 ಡಿಗ್ರಿಯಲ್ಲಿ ಹೈಡ್ರೋಜನ್ ಅಣು ಪ್ಲಾಟಿನಂ ಮೇಲೆ ಬಿದ್ದರೆ ಎರಡು ಪರಮಾಣುಗಳಾಗಿ ಒಡೆಯುತ್ತದೆ. ಒಂದೊಂದೂ ಒಂದೊಂದು ಪ್ಲಾಟಿನಂ ಪರಮಾಣುವಿನ ಜೊತೆ ಬಂಧ ಕಟ್ಟಿಕೊಳ್ಳುತ್ತದೆ. ಅಷ್ಟೇ ಉಷ್ಣತೆಯಲ್ಲಿ ಅಲ್ಯುಮಿನಾ, ಸಿಲಿಕಾ ಅದನ್ನು ಮುಟ್ಟುವುದೇ ಇಲ್ಲ. ಲೋಹದ ಮೈ ತುಂಬಿದ ಮೇಲೆ ಕ್ರಿಯೆ ತಾನಾಗಿ ನಿಲ್ಲುತ್ತದೆ. ಎಷ್ಟು ಅನಿಲ ಖರ್ಚಾಯಿತು ಎಂದು ನೋಡಿದರೆ ಹೊರಗೆ ಕಾಣುವ ಲೋಹದ ಪರಮಾಣುಗಳ ಲೆಕ್ಕ ಸಿಕ್ಕಿತು.

ನಂಬುವುದು ಬೇಡ, ಪರೀಕ್ಷಿಸಿ. ಲೋಹ ಹಾಕದ ಬರಿಯ ಅಲ್ಯುಮಿನಾವನ್ನು ಅದೇ ರೀತಿ ಕಾಯಿಸಿ, ಅದೇ ಅನಿಲ ಕೊಟ್ಟು ನೋಡಿ. ಏನೂ ಹೀರದಿದ್ದರೆ ಸರಿ. ಈ ಬ್ಲ್ಯಾಂಕ್ ರನ್ ಮಾಡದೆ ಎಷ್ಟೋ ಜನ ನೇರ ಸ್ಯಾಂಪಲ್‌ಗೆ ಹೋಗಿಬಿಡುತ್ತಾರೆ. ಅರ್ಧ ದಿನದ ಕೆಲಸ, ಬಿಡಬೇಡಿ.

ಈ ಯೋಚನೆ ಮೊದಲು ಯಾರಿಗೆ ಬಂತು?

ದೊಡ್ಡ ತಿರುವು ಬಂದದ್ದು ಅಮೋನಿಯಾದಿಂದ. 1930ರ ದಶಕದಲ್ಲಿ ವಾಷಿಂಗ್ಟನ್‌ನಲ್ಲಿ ಎಮ್ಮೆಟ್ ಮತ್ತು ಬ್ರುನೌಯರ್ ಅಮೋನಿಯಾ ತಯಾರಿಸುವ ಕಬ್ಬಿಣದ ಕ್ಯಾಟಲಿಸ್ಟ್ ಹಿಡಿದು ಕೂತಿದ್ದರು. ಅದರಲ್ಲಿ ಕಬ್ಬಿಣವೇ ಬಹುಪಾಲು, ಅಲ್ಯುಮಿನಾ ಮತ್ತು ಪೊಟ್ಯಾಸಿಯಂ ಆಕ್ಸೈಡ್ ಶೇಕಡ ಒಂದೆರಡು. ಇಡೀ ಮೈಯನ್ನು ತಣ್ಣನೆಯ ನೈಟ್ರೋಜನ್‌ನಿಂದ ಅಳೆದರು. ಕಬ್ಬಿಣದ ಪಾಲಿಗೆ ಕಾರ್ಬನ್ ಮೋನಾಕ್ಸೈಡ್ ಕೊಟ್ಟರು, ಕ್ಷಾರದ ಪಾಲಿಗೆ ಕಾರ್ಬನ್ ಡೈಆಕ್ಸೈಡ್ ಕೊಟ್ಟರು. ನೋಡಿದರೆ, ತೂಕದಲ್ಲಿ ಒಂದೆರಡು ಪರ್ಸೆಂಟ್ ಇದ್ದ ಆ ಬೆರಕೆಗಳು ಹೊರಮೈಯ ಅರ್ಧಕ್ಕಿಂತ ಜಾಸ್ತಿ ಜಾಗ ಹಿಡಿದಿದ್ದವು! ತೂಕ ನೋಡಿ ಮೈ ಊಹಿಸಬಾರದು ಎಂಬುದಕ್ಕೆ ನಾನು ಇಂದಿಗೂ ಕ್ಲಾಸಿನಲ್ಲಿ ಕೊಡುವ ಉದಾಹರಣೆ ಇದೇ.

ಡಿಸ್ಪರ್ಷನ್ ಅಂದ್ರೆ ಸರಳವಾಗಿ ಏನು ಸರ್?

ಇರುವ ಲೋಹದ ಪರಮಾಣುಗಳಲ್ಲಿ ಹೊರಗೆ ಕಾಣುವವು ನೂರಕ್ಕೆ ಎಷ್ಟು ಎಂಬುದು. ನೂರರಲ್ಲಿ 70 ಹೊರಗಿದ್ದರೆ ಡಿಸ್ಪರ್ಷನ್ 70%. ಉಳಿದ 30 ಕಣದ ಹೊಟ್ಟೆಯೊಳಗೆ ಸುಮ್ನೆ ಕೂತಿವೆ. ಪ್ಲಾಟಿನಂ ಬೆಲೆ ಗೊತ್ತಿದ್ದವರಿಗೆ ಆ 30 ಎಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಣ ಚಿಕ್ಕದಾದಷ್ಟೂ ಡಿಸ್ಪರ್ಷನ್ ಏರುತ್ತದೆ.

ಫ್ಯಾಕ್ಟರಿಯಲ್ಲಿ ಇದರ ಉಪಯೋಗ ಏನು? ಪೇಪರ್ ಬರೆಯೋಕೆ ಮಾತ್ರಾನಾ?

ಪೇಪರಿಗಿಂತ ಫ್ಯಾಕ್ಟರಿಗೇ ಜಾಸ್ತಿ. ಮಂಗಳೂರಿನ ಎಂಆರ್‌ಪಿಎಲ್‌ನಂಥ ರಿಫೈನರಿಯಲ್ಲಿ ಪೆಟ್ರೋಲ್‌ನ ಆಕ್ಟೇನ್ ಏರಿಸುವ ಘಟಕ ನಡೆಯುವುದು ಪ್ಲಾಟಿನಂ ಮೇಲೆ. ಅಮೋನಿಯಾ ಕಾರ್ಖಾನೆ ನಡೆಯುವುದು ಕಬ್ಬಿಣದ ಮೇಲೆ. ವನಸ್ಪತಿ ಗಟ್ಟಿಯಾಗುವುದು ನಿಕ್ಕಲ್ ಮೇಲೆ. ಬಿಸಿಯಲ್ಲಿ ತಿಂಗಳುಗಟ್ಟಲೆ ಇದ್ದಾಗ ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ. ತೂಕ ಅಷ್ಟೇ ಇರುತ್ತದೆ, ಮೈ ಕರಗುತ್ತದೆ. ಹೊಸದಾಗಿದ್ದಾಗ ಒಂದು ಅಳತೆ, ತೆಗೆದಾಗ ಒಂದು ಅಳತೆ ಮಾಡಿದರೆ ಕ್ಯಾಟಲಿಸ್ಟ್ ಸತ್ತದ್ದು ಕಣ ದಪ್ಪವಾಗಿಯೋ ಅಥವಾ ಬೇರೆ ಕಾರಣಕ್ಕೋ ಎಂದು ಹೇಳುವುದು ಸುಲಭ. ಅಳೆಯುವ ಮೊದಲು ಇಂಗಾಲದ ಮಸಿ ಸುಟ್ಟು ತೆಗೆದಿರಬೇಕು. ಇಲ್ಲದಿದ್ದರೆ ಮಸಿ ಮುಚ್ಚಿದ್ದನ್ನೂ ಕಣ ದಪ್ಪವಾದದ್ದೆಂದು ಓದಿಬಿಡುತ್ತೀರಿ.

## ಯಂತ್ರದ ಮುಂದೆ

ಪಲ್ಸ್ ವಿಧಾನದಲ್ಲಿ ನಿಜವಾಗಿ ಏನು ನಡೆಯುತ್ತೆ? ಆಪರೇಟರ್ ಬಟನ್ ಒತ್ತುತ್ತಾರೆ, ನಂಬರ್ ಬರುತ್ತೆ, ಅಷ್ಟೇ ಗೊತ್ತು.

ಒಮ್ಮೆ ಪಕ್ಕದಲ್ಲಿ ಕೂತು ಪೂರ್ತಿ ನೋಡಿ. ಇಂಗ್ಲಿಷಿನ ಯು ಆಕಾರದ ಕ್ವಾರ್ಟ್ಜ್ ಟ್ಯೂಬ್ ಇರುತ್ತದೆ. ಅದರ ತಳದಲ್ಲಿ ಕ್ವಾರ್ಟ್ಜ್ ಉಣ್ಣೆಯ ಒಂದು ತುಣುಕು, ಅದರ ಮೇಲೆ ನಿಮ್ಮ ಪುಡಿ. ಮೊದಲು ಹೈಡ್ರೋಜನ್ ಹರಿಸುತ್ತಾ ಕಾಯಿಸಬೇಕು. ಪ್ಲಾಟಿನಂಗೆ 400 ಡಿಗ್ರಿ ಆಸುಪಾಸು. ಆಕ್ಸೈಡ್ ಆಗಿದ್ದದ್ದು ಲೋಹವಾಗುತ್ತದೆ, ಇದೇ ಅಪಕರ್ಷಣೆ. ಆಮೇಲೆ ಅದೇ ಬಿಸಿಯಲ್ಲಿ ಆರ್ಗಾನ್ ಹರಿಸಿ, ಮೈಗೆ ಹತ್ತಿದ ಹೈಡ್ರೋಜನ್‌ನೆಲ್ಲ ಕಿತ್ತು ಕಳಿಸಬೇಕು. ಈ ಹಂತದಲ್ಲಿ ಆತುರ ಬೇಡ. ಕಿತ್ತುಹೋಗದೆ ಉಳಿದ ಹೈಡ್ರೋಜನ್ ಜಾಗ ಹಿಡಿದು ಕೂತರೆ ಉತ್ತರ ಕಮ್ಮಿ ಬರುತ್ತದೆ. ನಂತರ ಆರ್ಗಾನ್‌ನಲ್ಲೇ 35–40 ಡಿಗ್ರಿಗೆ ಇಳಿಸುವುದು.

ಈಗ ಪಲ್ಸ್. ಆರ್ಗಾನ್‌ನಲ್ಲಿ 10% ಹೈಡ್ರೋಜನ್ ಇರುವ ಮಿಶ್ರಣವನ್ನು ಅರ್ಧ ಮಿಲಿಲೀಟರ್‌ನ ಲೂಪ್‌ನಿಂದ ಗುಕ್ಕು ಗುಕ್ಕಾಗಿ ಬಿಡುತ್ತಾರೆ. ಸ್ಯಾಂಪಲ್ ದಾಟಿ ಬಂದದ್ದನ್ನು ಟಿಸಿಡಿ ನೋಡುತ್ತದೆ. ಅದು ಅನಿಲದ ಉಷ್ಣವಾಹಕತೆ ಅಳೆಯುವ ಡಿಟೆಕ್ಟರ್. ಮೊದಲ ಗುಕ್ಕು ಬಿಟ್ಟಾಗ ಪರದೆಯ ಮೇಲೆ ಗೆರೆ ಅಲ್ಲಾಡುವುದೇ ಇಲ್ಲ. ಪೂರ್ತಿ ನುಂಗಿತು. ಎರಡನೆಯದೂ ಹಾಗೇ. ಆರೇಳು ಆದಮೇಲೆ ಒಂದು ಸಣ್ಣ ಗುಬ್ಬಟೆ ಏಳುತ್ತದೆ. ಮುಂದಿನದು ಇನ್ನೂ ಎತ್ತರ. ಕೊನೆಗೆ ಮೂರು ಪೀಕ್ ಒಂದೇ ಸಮ ಬಂದರೆ ಮೈ ತುಂಬಿದೆ ಎಂದರ್ಥ. ತುಂಬಿದ ಮೇಲಿನ ಪೀಕ್‌ಗೆ ಹೋಲಿಸಿ ಹಿಂದಿನ ಪ್ರತಿ ಪೀಕ್‌ನಲ್ಲಿ ಎಷ್ಟು ಕಮ್ಮಿ ಎಂದು ಕೂಡಿದರೆ ಹೀರಿದ ಅನಿಲದ ಲೆಕ್ಕ ಸಿಗುತ್ತದೆ. ನೂರಾರು ಸಲ ನೋಡಿದ್ದೇನೆ, ಆ ಮೊದಲ ಗುಬ್ಬಟೆ ಏಳುವ ಹೊತ್ತು ಈಗಲೂ ಖುಷಿ ಕೊಡುತ್ತದೆ. ಕಣ್ಣಿಗೆ ಕಾಣದ ಪರಮಾಣುಗಳು ‘ಸಾಕು’ ಅನ್ನುವ ಹೊತ್ತು ಅದು.

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸ್ತೀರಾ? ಸಾಫ್ಟ್‌ವೇರ್ ಏನು ಮಾಡುತ್ತೋ ತಿಳಿಯಲ್ಲ.

ಖಂಡಿತ. ಅಲ್ಯುಮಿನಾ ಮೇಲೆ 1% ಪ್ಲಾಟಿನಂ, ಸ್ಯಾಂಪಲ್ 1 ಗ್ರಾಂ. ಹೀರಿದ ಹೈಡ್ರೋಜನ್ 0.40 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಇದು 0 ಡಿಗ್ರಿ, 1 ವಾತಾವರಣ ಒತ್ತಡಕ್ಕೆ ತಿರುಗಿಸಿದ ಗಾತ್ರ.

ಒಂದು ಮೋಲ್ ಅನಿಲ 22,414 ಮಿಲಿಲೀಟರ್. ಹಾಗಾದರೆ 0.40 ಅಂದರೆ 17.8 ಮೈಕ್ರೋಮೋಲ್ ಹೈಡ್ರೋಜನ್ ಅಣು. ಪ್ರತಿ ಅಣು ಎರಡಾಗಿ ಒಡೆಯುತ್ತದೆ, ಒಂದೊಂದಕ್ಕೆ ಒಂದೊಂದು ಪ್ಲಾಟಿನಂ. ಅಲ್ಲಿಗೆ ಹೊರಗೆ ಕಾಣುವ ಪ್ಲಾಟಿನಂ 35.7 ಮೈಕ್ರೋಮೋಲ್.

ಒಟ್ಟು ಪ್ಲಾಟಿನಂ 0.01 ಗ್ರಾಂ, ಅದನ್ನು 195.08ರಿಂದ ಭಾಗಿಸಿದರೆ 51.3 ಮೈಕ್ರೋಮೋಲ್. 35.7 ಭಾಗಿಸು 51.3, ಡಿಸ್ಪರ್ಷನ್ 70%.

ಒಂದು ಪ್ಲಾಟಿನಂ ಪರಮಾಣು ಮೇಲ್ಮೈಯಲ್ಲಿ ಹಿಡಿಯುವ ಜಾಗ ಸುಮಾರು 0.080 ಚದರ ನ್ಯಾನೋಮೀಟರ್. ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಒಂದು ಗ್ರಾಂ ಕ್ಯಾಟಲಿಸ್ಟ್‌ಗೆ 1.72 ಚದರ ಮೀಟರ್ ಬರುತ್ತದೆ. ಮೊದಲ ಪ್ರಶ್ನೆಯಲ್ಲಿ ಹೇಳಿದ ಚಾಪೆ ಇದೇ. ಒಂದು ಗ್ರಾಂ ಪ್ಲಾಟಿನಂ ಲೆಕ್ಕಕ್ಕೆ 172 ಚದರ ಮೀಟರ್.

ಕಣವನ್ನು ಗುಂಡು ಎಂದುಕೊಂಡರೆ ವ್ಯಾಸ ಎಷ್ಟು? ಸಾಂದ್ರತೆ ಮತ್ತು ಗ್ರಾಂ ಲೋಹದ ಮೈ ಇವೆರಡರ ಗುಣಲಬ್ಧದಿಂದ 6ನ್ನು ಭಾಗಿಸಿ. ಪ್ಲಾಟಿನಂ ಸಾಂದ್ರತೆ ಘನ ಸೆಂಟಿಮೀಟರ್‌ಗೆ 21.45 ಗ್ರಾಂ. ಉತ್ತರ 1.6 ನ್ಯಾನೋಮೀಟರ್.

ಇಲ್ಲಿ ಜನ ಜಾರುವುದು ಎರಡು ಕಡೆ. ಲೂಪ್‌ನ ಅನಿಲ ಕೋಣೆಯ ಬಿಸಿಯಲ್ಲಿರುತ್ತದೆ, ಅದನ್ನು 0 ಡಿಗ್ರಿಗೆ ತಿರುಗಿಸಲು ಮರೆಯುತ್ತಾರೆ. 25 ಡಿಗ್ರಿಯಲ್ಲಿ ಅದೊಂದೇ 9% ತಪ್ಪು ತರುತ್ತದೆ. ಇನ್ನೊಂದು, ಲೋಹ 1% ಎಂದು ತಾವು ಹಾಕಿದ ಲೆಕ್ಕ ಬರೆಯುತ್ತಾರೆ. ನಿಜವಾಗಿ ಎಷ್ಟು ಕೂತಿದೆ ಎಂದು ಐಸಿಪಿಯಲ್ಲಿ (ಧಾತುವಿನ ಪ್ರಮಾಣ ಅಳೆಯುವ ಯಂತ್ರ) ನೋಡಿಸುವುದಿಲ್ಲ. ಅಲ್ಯುಮಿನಾ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ತೂಗಿದ 1 ಗ್ರಾಂನಲ್ಲಿ ನೀರೂ ಸೇರಿರುತ್ತದೆ.

ಪಲ್ಸ್ ಒಳ್ಳೆಯದಾ, ಸ್ಟ್ಯಾಟಿಕ್ ಒಳ್ಳೆಯದಾ?

ಬೇಗ ಬೇಕು, ಹತ್ತಾರು ಸ್ಯಾಂಪಲ್ ಹೋಲಿಸಬೇಕು ಅಂದರೆ ಪಲ್ಸ್. ಒಂದು ಸಂಖ್ಯೆಯ ಮೇಲೆ ಪೂರ್ತಿ ವಾದ ನಿಂತಿದ್ದರೆ ಸ್ಟ್ಯಾಟಿಕ್. ಅದರಲ್ಲಿ ನಿರ್ವಾತ ಮಾಡಿ, ಒತ್ತಡ ಸ್ವಲ್ಪ ಸ್ವಲ್ಪ ಏರಿಸುತ್ತಾ ಎಷ್ಟು ಹೀರಿತು ಎಂದು ಬಿಂದು ಬಿಂದುವಾಗಿ ಗುರುತಿಸುತ್ತಾರೆ. ಒಮ್ಮೆ ಮಾಡಿ, ಅನಿಲ ಎಳೆದು ತೆಗೆದು, ಮತ್ತೊಮ್ಮೆ ಮಾಡುತ್ತಾರೆ. ಎರಡನೇ ಸಲ ಹೀರಿದ್ದು ಸಡಿಲವಾಗಿ ಹತ್ತಿದ್ದು. ಎರಡರ ವ್ಯತ್ಯಾಸ ಗಟ್ಟಿಯಾಗಿ ಕೂತದ್ದು. ಪಲ್ಸ್‌ನಲ್ಲಿ ಸಡಿಲವಾಗಿ ಹತ್ತಿದ್ದು ಮುಂದಿನ ಗುಕ್ಕು ಬರುವಷ್ಟರಲ್ಲಿ ಹಾರಿಹೋಗುತ್ತದೆ, ಹಾಗಾಗಿ ಅದರ ಉತ್ತರ ಸಾಮಾನ್ಯವಾಗಿ ಕೊಂಚ ಕಮ್ಮಿ. ಒಂದರ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬೇಡಿ.

ನನಗೆ ಡಿಸ್ಪರ್ಷನ್ 135% ಬಂದಿದೆ! ನೂರಕ್ಕಿಂತ ಜಾಸ್ತಿ ಹೇಗೆ ಸಾಧ್ಯ?

ಈ ಪ್ರಶ್ನೆಯ ಮೇಲೆ ನನಗೆ ವಿಶೇಷ ಮಮತೆ, ಯಾಕೆಂದರೆ ಇದೇ 135 ನನಗೂ ಬಂದಿತ್ತು. ಎರಡು ವಾರ ಸ್ಯಾಂಪಲ್ ಮೇಲೆ ಅನುಮಾನ ಪಟ್ಟೆ. ಹೊಸದಾಗಿ ತಯಾರಿಸಿದೆ, ಮತ್ತೆ 130ರ ಮೇಲೆಯೇ. ಕೊನೆಗೆ ನೋಡಿದರೆ ಹೊಸ ಆರ್ಗಾನ್ ಸಿಲಿಂಡರ್‌ನಲ್ಲಿ ತುಸು ಆಕ್ಸಿಜನ್ ಬೆರೆತಿತ್ತು. ಸ್ಯಾಂಪಲ್ ತಣ್ಣಗಾಗುವ ಒಂದು ಗಂಟೆಯಲ್ಲಿ ಆ ಆಕ್ಸಿಜನ್ ಪ್ಲಾಟಿನಂ ಮೈಯನ್ನೆಲ್ಲ ಮುಚ್ಚಿತ್ತು. ಆಮೇಲೆ ಹೈಡ್ರೋಜನ್ ಗುಕ್ಕು ಬಂದಾಗ ನಡೆದದ್ದೇ ಬೇರೆ ಕ್ರಿಯೆ.

ಬರಿಯ ಪ್ಲಾಟಿನಂ ಪರಮಾಣುವಿಗೆ ಬೇಕಾದದ್ದು ಒಂದು ಹೈಡ್ರೋಜನ್. ಆಕ್ಸಿಜನ್ ಹೊತ್ತು ಕೂತ ಪ್ಲಾಟಿನಂಗೆ ಬೇಕಾದದ್ದು ಮೂರು. ಎರಡು ಆ ಆಕ್ಸಿಜನ್ ಜೊತೆ ನೀರಾಗಿ ಹೋಗುತ್ತವೆ, ಆ ನೀರನ್ನು ಅಲ್ಯುಮಿನಾ ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಮೂರನೆಯದು ಖಾಲಿಯಾದ ಜಾಗದಲ್ಲಿ ಕೂರುತ್ತದೆ. 135ನ್ನು ಮೂರರಿಂದ ಭಾಗಿಸಿ. 45! ಆಕ್ಸಿಜನ್ ಹಿಡಿಯುವ ಟ್ರ್ಯಾಪ್ ಹಾಕಿ ಮತ್ತೆ ಅಳೆದಾಗ ಬಂದದ್ದು 46.

ನನಗೆ ತಪ್ಪಾಗಿ ಬಂದದ್ದನ್ನು ಬೆನ್ಸನ್ ಮತ್ತು ಬೌಡಾರ್ 1965ರಲ್ಲೇ ಬೇಕೆಂದು ಮಾಡಿ, ಒಂದು ವಿಧಾನವನ್ನಾಗಿ ಕೊಟ್ಟಿದ್ದರು. ಹೈಡ್ರೋಜನ್–ಆಕ್ಸಿಜನ್ ಟೈಟ್ರೇಷನ್ ಎಂದು ಅದರ ಹೆಸರು. ಮೊದಲು ಆಕ್ಸಿಜನ್ ಕೂರಿಸಿ, ಆಮೇಲೆ ಹೈಡ್ರೋಜನ್ ಕೊಡುವುದು. ಸಿಗ್ನಲ್ ಮೂರು ಪಟ್ಟು ಬರುವುದರಿಂದ ಲೋಹ ತೀರಾ ಕಮ್ಮಿ ಇದ್ದಾಗ ಇದು ವರ. ಆದರೆ ತುಂಬಾ ಸಣ್ಣ ಕಣಗಳಲ್ಲಿ ಒಂದು ಪ್ಲಾಟಿನಂಗೆ ಸರಿಯಾಗಿ ಒಂದೇ ಆಕ್ಸಿಜನ್ ಕೂರುತ್ತದೆ ಎಂದು ಹೇಳಲಾಗದು.

ನೂರು ದಾಟಿದ ಸಂಖ್ಯೆಯನ್ನು ಎಸೆಯಬೇಡಿ. ನೀವು ಎಣಿಸಿದೆನೆಂದುಕೊಂಡ ಕ್ರಿಯೆ ಒಂದು, ನಡೆದ ಕ್ರಿಯೆ ಇನ್ನೊಂದು ಎಂದು ಅದು ಹೇಳುತ್ತಿರುತ್ತದೆ. ನೂರರ ಒಳಗೆ ಬಂದ ತಪ್ಪು ಸಂಖ್ಯೆ ಇದಕ್ಕಿಂತ ಅಪಾಯ. ನನ್ನ ಪ್ಲಾಟಿನಂ 25% ಇದ್ದಿದ್ದರೆ 75 ಬಂದಿರುತ್ತಿತ್ತು. ನಾನು ಸಂತೋಷವಾಗಿ ಅದನ್ನೇ ಬರೆದುಬಿಡುತ್ತಿದ್ದೆ.

## ಯಾವ ಲೋಹಕ್ಕೆ ಯಾವ ಅನಿಲ

ಕಾರ್ಬನ್ ಮೋನಾಕ್ಸೈಡ್ ಒಡೆಯೋದೇ ಇಲ್ಲ, ಒಂದಕ್ಕೊಂದು ಲೆಕ್ಕ. ಅದೇ ಸುಲಭ ಅಲ್ವಾ?

ಹಾಗೆ ಕಾಣುತ್ತದೆ, ಆದರೆ ಹಾಗಿಲ್ಲ. ಮದುವೆ ಮನೆಯಲ್ಲಿ ಉಂಡ ಎಲೆ ಎಣಿಸಿ ಊಟಕ್ಕೆ ಬಂದವರ ಲೆಕ್ಕ ಹಿಡಿಯುತ್ತಾರಲ್ಲ, ಹಾಗೆ ಇದು. ಒಬ್ಬರಿಗೆ ಒಂದು ಎಲೆ ಎಂದಿದ್ದರೆ ಲೆಕ್ಕ ಸರಿ. ತಾಯಿ–ಮಗು ಒಂದೇ ಎಲೆಯಲ್ಲಿ ಉಂಡರೆ ಲೆಕ್ಕ ತಪ್ಪುತ್ತದೆ. ಕಾರ್ಬನ್ ಮೋನಾಕ್ಸೈಡ್ ಪ್ಲಾಟಿನಂ ಮೇಲೆ ಬಹುಮಟ್ಟಿಗೆ ಒಂದಕ್ಕೊಂದು ನೆಟ್ಟಗೆ ನಿಲ್ಲುತ್ತದೆ. ಪ್ಯಾಲಡಿಯಂ ಮೇಲೆ ಎರಡು ಪರಮಾಣುಗಳ ನಡುವೆ ಸೇತುವೆಯ ಹಾಗೆ ಕೂರುವುದು ಜಾಸ್ತಿ, ಕೆಲವೊಮ್ಮೆ ಮೂರರ ನಡುವೆ. ರೋಡಿಯಂ ತೀರಾ ಚೂರುಚೂರಾಗಿ ಹರಡಿದ್ದರೆ ಒಂದೇ ಪರಮಾಣು ಎರಡು ಅಣುಗಳನ್ನು ಹಿಡಿಯುತ್ತದೆ. ಯಾವ ರೀತಿ ಕೂತಿದೆ ಎಂದು ಇನ್ಫ್ರಾರೆಡ್‌ನಲ್ಲಿ ನೋಡಿದ ಮೇಲೆಯೇ ಗುಣಕ, ಅಂದರೆ ಒಂದು ಅಣುವಿಗೆ ಎಷ್ಟು ಲೋಹದ ಪರಮಾಣು ಎಂಬ ಲೆಕ್ಕ, ಹಾಕಬೇಕು.

ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅಲಾರಂ ಇಲ್ಲದ ಕೋಣೆಯಲ್ಲಿ ಸಿಲಿಂಡರ್ ತೆರೆಯಲೇಬೇಡಿ.

ಪ್ಯಾಲಡಿಯಂಗೆ ಹೈಡ್ರೋಜನ್ ಕೊಟ್ಟರೆ ನುಂಗ್ತಾನೇ ಇದೆ, ನಿಲ್ತಾನೇ ಇಲ್ಲ.

ಪ್ಯಾಲಡಿಯಂನ ಹುಟ್ಟುಗುಣ ಅದು. ಹೈಡ್ರೋಜನ್ ಮೈಮೇಲೆ ನಿಲ್ಲದೆ ಒಳಗೂ ಇಳಿಯುತ್ತದೆ. ಕೋಣೆಯ ಬಿಸಿಯಲ್ಲಿ ಒತ್ತಡ ಸುಮಾರು 2 ಕಿಲೋಪ್ಯಾಸ್ಕಲ್ ದಾಟಿದರೆ ಬೀಟಾ ಹೈಡ್ರೈಡ್ ಎಂಬ ಹೊಸ ಸ್ಥಿತಿ ಹುಟ್ಟುತ್ತದೆ. ಅದರಲ್ಲಿ ಹತ್ತು ಪ್ಯಾಲಡಿಯಂಗೆ ಆರೇಳು ಹೈಡ್ರೋಜನ್ ಹೊಟ್ಟೆಯೊಳಗೇ ಇರುತ್ತವೆ. ಉಷ್ಣತೆಯನ್ನು 70–100 ಡಿಗ್ರಿಗೆ ಏರಿಸಿ, ಹೈಡ್ರೋಜನ್ ಒತ್ತಡವನ್ನು ತೀರಾ ಕಡಿಮೆ ಇಡಿ, ಆಗ ಒಳಗೆ ಇಳಿಯುವುದಿಲ್ಲ. ಅಥವಾ ಮೇಲೆ ಹೇಳಿದ ಎರಡು ಸಲದ ಸ್ಟ್ಯಾಟಿಕ್ ಮಾಡಿ. ಒಳಗೆ ಇಳಿದದ್ದು ಎಳೆದರೆ ಹೊರಬರುತ್ತದೆ, ಮೈಮೇಲಿನದು ಬರುವುದಿಲ್ಲ.

ನಿಕ್ಕಲ್‌ಗೆ ಕಾರ್ಬನ್ ಮೋನಾಕ್ಸೈಡ್ ಕೊಡಬಹುದಾ? ನಮ್ಮ ಲ್ಯಾಬ್‌ನಲ್ಲಿ ಆ ಸಿಲಿಂಡರ್ ಮಾತ್ರ ಇದೆ.

ಕೊಡಬೇಡಿ. ನಿಕ್ಕಲ್ ಮತ್ತು ಕಾರ್ಬನ್ ಮೋನಾಕ್ಸೈಡ್ ಸೇರಿದರೆ 50–60 ಡಿಗ್ರಿಯಲ್ಲೇ ನಿಕ್ಕಲ್ ಕಾರ್ಬೊನಿಲ್ ಆಗುತ್ತದೆ. ಲುಡ್ವಿಗ್ ಮಾಂಡ್ ಮತ್ತು ಜೊತೆಗಾರರು 1890ರಲ್ಲಿ ಕಂಡುಹಿಡಿದದ್ದು ಇದು, ನಿಕ್ಕಲ್ ಶುದ್ಧಿಗೆ ಇವತ್ತಿಗೂ ಬಳಕೆಯಲ್ಲಿದೆ. 43 ಡಿಗ್ರಿಗೆ ಕುದಿಯುವ ದ್ರವ, ಉಸಿರಿನಲ್ಲಿ ಹೋದರೆ ಪ್ರಾಣಕ್ಕೇ ಕುತ್ತು. ಅಳತೆಯೂ ಹಾಳು. ಮೈಯನ್ನು ಅಳೆಯುವ ಬದಲು ಕಿತ್ತು ಒಯ್ಯುತ್ತದೆ. ನಿಕ್ಕಲ್‌ಗೆ ಹೈಡ್ರೋಜನ್ ಸಾಕು, ಒಂದಕ್ಕೊಂದು ಲೆಕ್ಕ. ಹೈಡ್ರೋಜನ್ ಸಿಲಿಂಡರ್ ಬರುವವರೆಗೆ ಕಾಯಿರಿ.

ರೇನಿ ನಿಕ್ಕಲ್ (ತೂತು ತೂತಾದ ನಿಕ್ಕಲ್ ಪುಡಿ) ಆದರೆ ಇನ್ನೊಂದು ಎಚ್ಚರ. ಒಣಗಿದರೆ ಗಾಳಿಯಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ದ್ರವದಲ್ಲಿ ಒದ್ದೆಯಾಗಿಯೇ ಟ್ಯೂಬಿಗೆ ಹಾಕಿ, ಒಳಗೆ ಒಣಗಿಸಬೇಕು.

ತಾಮ್ರ ಹೈಡ್ರೋಜನ್ ಸುಲಭವಾಗಿ ಹಿಡಿಯೋದಿಲ್ಲ. ಮೆಥನಾಲ್ ಕ್ಯಾಟಲಿಸ್ಟ್ ಹೇಗೆ ಅಳೆಯೋದು?

ತಾಮ್ರಕ್ಕೆ ನೈಟ್ರಸ್ ಆಕ್ಸೈಡ್. ನಗೆ ಅನಿಲ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ. 60ರಿಂದ 90 ಡಿಗ್ರಿಯಲ್ಲಿ ಅದರ ಅಣು ತಾಮ್ರದ ಮೇಲೆ ಬಿದ್ದಾಗ ಆಕ್ಸಿಜನ್ ಪರಮಾಣುವನ್ನು ಅಲ್ಲೇ ಬಿಟ್ಟು ನೈಟ್ರೋಜನ್ ಆಗಿ ಹೊರಬರುತ್ತದೆ. ಎರಡು ತಾಮ್ರಕ್ಕೆ ಒಂದು ಆಕ್ಸಿಜನ್, ಒಂದು ನೈಟ್ರೋಜನ್ ಅಣು. ಬಂದ ನೈಟ್ರೋಜನ್ ಎಣಿಸಿದರೆ ತಾಮ್ರ ಎಣಿಸಿದ ಹಾಗೆ. ಸ್ಕೋಲ್ಟನ್ ಮತ್ತು ಕೊನ್ವಾಲಿಂಕಾ 1969ರಲ್ಲಿ ಇದನ್ನು ತಾಮ್ರಕ್ಕೆ ಒಗ್ಗಿಸಿದರು. 1987ರಲ್ಲಿ ಐಸಿಐ ಕಂಪನಿಯ ಚಿಂಚೆನ್ ಮತ್ತು ಸಂಗಡಿಗರು ಹರಿಯುವ ಅನಿಲದಲ್ಲೇ ಬೇಗ ಮಾಡುವ ರೂಪ ಕೊಟ್ಟರು.

ಆಕ್ಸಿಜನ್ ಅನ್ನೇ ನೇರ ಕೊಟ್ಟರೆ ಯಾಕಾಗದು? ತಾಮ್ರ ಒಳಗಿನವರೆಗೂ ಸುಟ್ಟುಹೋಗುತ್ತದೆ, ಮೈಮೇಲೆ ನಿಲ್ಲುವುದಿಲ್ಲ. ನೈಟ್ರಸ್ ಆಕ್ಸೈಡ್ ಮೆತ್ತಗಿನದು. ಅದಕ್ಕೂ ಬಿಸಿ ಜಾಸ್ತಿ ಕೊಟ್ಟರೆ ಇದೇ ಗತಿ. ಹಾಗಾಗಿ 90 ಡಿಗ್ರಿ ದಾಟಬೇಡಿ ಎನ್ನುತ್ತೇನೆ.

ಬಂದ ನೈಟ್ರೋಜನ್ ಮತ್ತು ಉಳಿದ ನೈಟ್ರಸ್ ಆಕ್ಸೈಡ್ ಎರಡೂ ಟಿಸಿಡಿಗೆ ಒಟ್ಟಿಗೆ ಬಂದರೆ ಗೊಂದಲ. ನಡುವೆ ದ್ರವ ನೈಟ್ರೋಜನ್‌ನಲ್ಲಿ ಅದ್ದಿದ ಒಂದು ಟ್ರ್ಯಾಪ್ ಇಡಿ. −88 ಡಿಗ್ರಿಗೇ ದ್ರವವಾಗುವ ನೈಟ್ರಸ್ ಆಕ್ಸೈಡ್ ಅಲ್ಲಿ ಹೆಪ್ಪುಗಟ್ಟಿ ಉಳಿಯುತ್ತದೆ, ನೈಟ್ರೋಜನ್ ಮುಂದೆ ಹೋಗುತ್ತದೆ. ಟ್ರ್ಯಾಪ್ ಬಿಸಿಯಾಗುವಾಗ ಎರಡು ಕಡೆ ವಾಲ್ವ್ ಮುಚ್ಚಿ ಬಿಡಬೇಡಿ, ಸಿಡಿಯುತ್ತದೆ.

ಲೆಕ್ಕ ಹೀಗೆ. ಒಂದು ಗ್ರಾಂಗೆ 6 ಮಿಲಿಲೀಟರ್ ನೈಟ್ರೋಜನ್ ಬಂತೆನ್ನಿ, ಅಂದರೆ 268 ಮೈಕ್ರೋಮೋಲ್. ಎರಡರಿಂದ ಗುಣಿಸಿ, 535 ಮೈಕ್ರೋಮೋಲ್ ತಾಮ್ರ. ಒಂದು ಚದರ ಮೀಟರ್‌ನಲ್ಲಿ 1.47 ಗುಣಿಸು 10ರ ಘಾತ 19 ತಾಮ್ರದ ಪರಮಾಣುಗಳು. ಭಾಗಿಸಿದರೆ 22 ಚದರ ಮೀಟರ್.

ಚಿನ್ನ, ಬೆಳ್ಳಿ?

ಬೆಳ್ಳಿಗೆ ಆಕ್ಸಿಜನ್ ಕೊಡಬಹುದು, ಆದರೆ 170 ಡಿಗ್ರಿ ಆಸುಪಾಸಿನಲ್ಲಿ. ಚಿನ್ನ ಹೈಡ್ರೋಜನ್ನನ್ನೂ ಸರಿಯಾಗಿ ಹಿಡಿಯುವುದಿಲ್ಲ, ಆಕ್ಸಿಜನ್ನನ್ನೂ ಹಿಡಿಯುವುದಿಲ್ಲ. ಚಿನ್ನದ ಕಣಗಳಿಗೆ ಟೆಮ್ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರವೇ ದಾರಿ.

## ತಲೆ ಕೆಡಿಸುವಂಥವು

ಟೆಮ್‌ನಲ್ಲಿ ಒಂದು ಸೈಜು, ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ವಿವರ್ತನೆ) ಒಂದು, ಕೆಮಿಸಾರ್ಪ್ಷನ್‌ನಲ್ಲಿ ಇನ್ನೊಂದು. ಯಾವುದು ನಿಜ?

ಮೂರೂ ನಿಜವಿರಬಹುದು. ಒಂದು ಸ್ಯಾಂಪಲ್‌ನಲ್ಲಿ 1 ನ್ಯಾನೋಮೀಟರ್‌ನ ನೂರು ಕಣ, 10 ನ್ಯಾನೋಮೀಟರ್‌ನ ಒಂದೇ ಕಣ ಇದೆ ಎಂದುಕೊಳ್ಳಿ. ಟೆಮ್‌ನಲ್ಲಿ ತಲೆ ಎಣಿಸಿ ಸರಾಸರಿ ತೆಗೆದರೆ 1.1. ಕೆಮಿಸಾರ್ಪ್ಷನ್ ಒಟ್ಟು ಗಾತ್ರವನ್ನು ಒಟ್ಟು ಮೈಯಿಂದ ಭಾಗಿಸುವುದರಿಂದ ಅದರ ಉತ್ತರ 5.5. ಎಕ್ಸ್‌ಆರ್‌ಡಿ ಗಾತ್ರಕ್ಕೆ ತಕ್ಕ ತೂಕ ಕೊಡುತ್ತದೆ, ಅಲ್ಲಿ 9.2. ಅದೂ ಅಲ್ಲದೆ 2 ನ್ಯಾನೋಮೀಟರ್‌ಗಿಂತ ಸಣ್ಣ ಕಣದ ಗೆರೆ ಎಕ್ಸ್‌ಆರ್‌ಡಿಯಲ್ಲಿ ಎಷ್ಟು ಅಗಲವಾಗುತ್ತದೆಂದರೆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಒಂದೇ ಒಂದು ದಪ್ಪ ಕಣ ಎಷ್ಟು ಎಳೆದಾಡಿತು ನೋಡಿ.

ಹೋಲಿಸಲೇಬೇಕಿದ್ದರೆ ಟೆಮ್‌ನ ಕಣಗಳ ವ್ಯಾಸದ ಘನಗಳನ್ನು ಕೂಡಿ, ವರ್ಗಗಳ ಮೊತ್ತದಿಂದ ಭಾಗಿಸಿ. ಅದು ಕೆಮಿಸಾರ್ಪ್ಷನ್‌ನ ಸಂಖ್ಯೆಯ ಪಕ್ಕ ನಿಲ್ಲುತ್ತದೆ. ಆಗಲೂ ಕೆಮಿಸಾರ್ಪ್ಷನ್ ಕಣ ದೊಡ್ಡದು ಎಂದರೆ ಲೋಹದ ಮೈಮೇಲೆ ಏನೋ ಕೂತಿದೆ. ಕ್ಲೋರೋಪ್ಲಾಟಿನಿಕ್ ಆಮ್ಲದಿಂದ ಮಾಡಿದ್ದರೆ ಕ್ಲೋರಿನ್ ಉಳಿದಿರಬಹುದು. ಲೋಹ ಪೂರ್ತಿ ಅಪಕರ್ಷಣೆ ಆಗದಿರಬಹುದು.

ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಮೇಲೆ ಪ್ಲಾಟಿನಂ. 500 ಡಿಗ್ರಿ ಕಾಯಿಸಿದ ಮೇಲೆ ಏನೂ ಹೀರ್ತಾ ಇಲ್ಲ. ಟೆಮ್‌ನಲ್ಲಿ ಕಣ ಸಣ್ಣದಾಗೇ ಇದೆ. ಲೋಹ ಎಲ್ಲಿ ಹೋಯ್ತು?

ಅಲ್ಲೇ ಇದೆ, ಹೊದ್ದುಕೊಂಡು ಮಲಗಿದೆ. ಎಕ್ಸಾನ್‌ನ ಟಾಸ್ಟರ್, ಫಂಗ್, ಗಾರ್ಟನ್ 1978ರಲ್ಲಿ ಕಂಡದ್ದು ಇದೇ. ಹೈಡ್ರೋಜನ್‌ನಲ್ಲಿ ಜೋರಾಗಿ ಕಾಯಿಸಿದಾಗ ಟೈಟಾನಿಯಾ ತುಸು ಆಕ್ಸಿಜನ್ ಕಳೆದುಕೊಂಡು, ತೆಳ್ಳನೆಯ ಪದರವಾಗಿ ಲೋಹದ ಮೇಲೆ ಹತ್ತುತ್ತದೆ. ಅನಿಲ ಮುಟ್ಟಲು ಲೋಹವೇ ಸಿಗುವುದಿಲ್ಲ. ಆಕ್ಸಿಜನ್‌ನಲ್ಲಿ ಕಾಯಿಸಿ, ಆಮೇಲೆ 200 ಡಿಗ್ರಿಯಲ್ಲಿ ಮಾತ್ರ ಅಪಕರ್ಷಿಸಿದರೆ ಹೀರುವ ಶಕ್ತಿ ಮರಳುತ್ತದೆ. ಎರಡೂ ಉಷ್ಣತೆಯಲ್ಲಿ ಅಳೆದು ಎರಡನ್ನೂ ಬರೆಯಿರಿ. ಆ ವ್ಯತ್ಯಾಸ ನಿಮ್ಮ ಪ್ರಬಂಧದ ಒಳ್ಳೆಯ ಭಾಗವೇ ಆಗಬಹುದು.

ಸ್ಪಿಲ್‌ಓವರ್ ಅಂತಾರಲ್ಲ, ಅದು ಕಣ್ಣಿಗೆ ಕಾಣುತ್ತಾ?

ಕಾಣುತ್ತದೆ! ಹಳದಿ ಟಂಗ್‌ಸ್ಟನ್ ಆಕ್ಸೈಡ್ ಪುಡಿಗೆ ಕೋಣೆಯ ಬಿಸಿಯಲ್ಲಿ ಹೈಡ್ರೋಜನ್ ಕೊಡಿ, ಏನೂ ಆಗುವುದಿಲ್ಲ. ಅದಕ್ಕೆ ಒಂದು ಚಿಟಿಕೆ ಪ್ಲಾಟಿನಂ–ಅಲ್ಯುಮಿನಾ ಬೆರೆಸಿ ಕೊಡಿ, ಹಳದಿ ನೀಲಿಯಾಗುತ್ತದೆ. ಖೂಬಿಯರ್ 1964ರಲ್ಲಿ ತೋರಿಸಿದ್ದು ಇದು. ಪ್ಲಾಟಿನಂ ಮೇಲೆ ಒಡೆದ ಹೈಡ್ರೋಜನ್ ಪಕ್ಕದ ಆಕ್ಸೈಡಿಗೆ ಹರಿದುಹೋಗುತ್ತದೆ, ಇದೇ ಸ್ಪಿಲ್‌ಓವರ್. ಅಳತೆಯಲ್ಲಿ ಇದೇ ನಡೆದರೆ ಲೋಹ ಹಿಡಿಯದ ಅನಿಲವೂ ಲೋಹದ ಲೆಕ್ಕಕ್ಕೆ ಬೀಳುತ್ತದೆ. ಲಕ್ಷಣ ಏನೆಂದರೆ ಪೀಕ್‌ಗಳು ಸಮನಾಗುವುದೇ ಇಲ್ಲ, ಪ್ರತಿ ಗುಕ್ಕಿನಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತಿರುತ್ತದೆ.

ಬರಿಯ ಆಧಾರವಸ್ತುವಿನ ಬ್ಲ್ಯಾಂಕ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ. ಲೋಹವಿಲ್ಲದೆ ಹೈಡ್ರೋಜನ್ ಒಡೆಯುವುದೇ ಇಲ್ಲವಲ್ಲ.

ತಾಮ್ರ–ಜಿಂಕ್ ಆಕ್ಸೈಡ್‌ನಲ್ಲಿ ನೈಟ್ರಸ್ ಆಕ್ಸೈಡ್ ಕೊಟ್ಟ ಏರಿಯಾ ಜಾಸ್ತಿ, ಹೈಡ್ರೋಜನ್ ಹೊರಬರುವುದನ್ನು ನೋಡಿ ಅಳೆದದ್ದು ಕಮ್ಮಿ. ಯಾಕೆ?

ಜಿಂಕ್ ಆಕ್ಸೈಡ್ ಸುಮ್ಮನಿರುವ ಆಧಾರವಲ್ಲ. ಹೈಡ್ರೋಜನ್‌ನಲ್ಲಿ ಕಾಯಿಸಿದಾಗ ತಾಮ್ರಕ್ಕೆ ತಾಗಿದ ಅಂಚಿನಲ್ಲಿ ಅದೂ ಕೊಂಚ ಆಕ್ಸಿಜನ್ ಕಳೆದುಕೊಂಡಿರುತ್ತದೆ. ನೈಟ್ರಸ್ ಆಕ್ಸೈಡ್ ಬಂದಾಗ ಆ ಖಾಲಿ ಜಾಗವೂ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ನೀವು ಎಣಿಸಿದ ನೈಟ್ರೋಜನ್‌ನಲ್ಲಿ ತಾಮ್ರದ್ದೂ ಇದೆ, ಜಿಂಕ್‌ನದ್ದೂ ಇದೆ. ಹೈಡ್ರೋಜನ್ ಬರಿಯ ತಾಮ್ರವನ್ನು ಹೇಳುತ್ತದೆ. ಎರಡರ ವ್ಯತ್ಯಾಸವೇ ಆ ಅಂಚಿನ ಸುಳಿವು. ಮೆಥನಾಲ್ ಕ್ಯಾಟಲಿಸ್ಟ್‌ನಲ್ಲಿ ಆ ಅಂಚಿಗೆ ತುಂಬಾ ಬೆಲೆ.

ಥೀಸಿಸ್‌ನಲ್ಲಿ ‘ಮೆಟಲ್ ಸರ್ಫೇಸ್ ಏರಿಯಾ 1.7’ ಅಂತ ಬರೆದರೆ ಸಾಕಲ್ವಾ?

ಸಾಲದು. ಯಾವ ಅನಿಲ, ಎಷ್ಟು ಡಿಗ್ರಿಯಲ್ಲಿ ಅಪಕರ್ಷಣೆ, ಎಷ್ಟು ಡಿಗ್ರಿಯಲ್ಲಿ ಅಳತೆ, ಪಲ್ಸ್ ಅಥವಾ ಸ್ಟ್ಯಾಟಿಕ್, ಒಂದು ಲೋಹಕ್ಕೆ ಎಷ್ಟು ಅನಿಲ ಎಂದುಕೊಂಡಿರಿ, ಒಂದು ಪರಮಾಣುವಿಗೆ ಎಷ್ಟು ಜಾಗ ಹಿಡಿದಿರಿ, 1.7 ಎನ್ನುವುದು ಗ್ರಾಂ ಕ್ಯಾಟಲಿಸ್ಟ್‌ಗೋ ಗ್ರಾಂ ಲೋಹಕ್ಕೋ. ಇಷ್ಟೂ ಬೇಕು. ಎಲ್ಲಕ್ಕಿಂತ ಮೊದಲು ಹೀರಿದ ಅನಿಲದ ಕಚ್ಚಾ ಅಂಕಿ ಕೊಡಿ, ಗ್ರಾಂಗೆ ಇಷ್ಟು ಮೈಕ್ರೋಮೋಲ್ ಅಂತ. ಗುಣಕದ ಬಗ್ಗೆ ನಾಳೆ ಅಭಿಪ್ರಾಯ ಬದಲಾದರೂ ಆ ಅಂಕಿ ಬದಲಾಗುವುದಿಲ್ಲ.

ಯಂತ್ರ ಸರಿಯಿದೆಯೇ ಎಂದು ನೋಡಲು ಗೊತ್ತಿರುವ ಸ್ಯಾಂಪಲ್ ಒಂದನ್ನು ಆಗಾಗ ಓಡಿಸಿ. ಯೂರೋಪಿನ ಹಲವು ಲ್ಯಾಬ್‌ಗಳು ಸೇರಿ ಪರೀಕ್ಷಿಸಿದ ಯೂರೋಪಿಟಿ-1 ಎಂಬ ಸಿಲಿಕಾ ಮೇಲಿನ 6.3% ಪ್ಲಾಟಿನಂ ಇದಕ್ಕೆಂದೇ ಪ್ರಸಿದ್ಧ. ಅದರ ಕಣ ಸರಾಸರಿ 1.8 ನ್ಯಾನೋಮೀಟರ್.

ಸೀರಿಯಾದಲ್ಲಿ (ಸೀರಿಯಂ ಆಕ್ಸೈಡ್) ಪ್ಯಾಲಡಿಯಂ ಹಾಕಿ ಕಂಬಶ್ಚನ್ ವಿಧಾನದಲ್ಲಿ, ಅಂದ್ರೆ ದ್ರಾವಣ ಉರಿಸಿ, ಮಾಡಿದ್ದೀನಿ. ಕ್ರಿಯೆ ಚೆನ್ನಾಗಿ ನಡೆಯುತ್ತೆ, ಆದರೆ ಡಿಸ್ಪರ್ಷನ್ ಅಳೆದರೆ ಅರ್ಥವೇ ಆಗದ ಸಂಖ್ಯೆ ಬರುತ್ತೆ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆ. ಸಿ. ಪಾಟೀಲರು ಬೆಳೆಸಿದ ದ್ರಾವಣ ಕಂಬಶ್ಚನ್ ವಿಧಾನ ಬಳಸಿ, ಎಂ. ಎಸ್. ಹೆಗಡೆಯವರ ತಂಡ ಇಂಥ ಕ್ಯಾಟಲಿಸ್ಟ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅವರು ತೋರಿಸಿದ್ದು, ಪ್ಯಾಲಡಿಯಂ ಅಲ್ಲಿ ಲೋಹದ ಕಣವಾಗಿ ಇರುವುದಿಲ್ಲ. ಸೀರಿಯಾದ ಜಾಲದೊಳಗೆ ಸೀರಿಯಂನ ಜಾಗದಲ್ಲೇ ಅಯಾನ್ ಆಗಿ ಕೂತಿರುತ್ತದೆ. ಎಣಿಸಲು ಲೋಹದ ಮೈಯೇ ಇಲ್ಲದಾಗ ಡಿಸ್ಪರ್ಷನ್ ಎಂಬ ಮಾತು ಅಲ್ಲಿಗೆ ಹೊಂದುವುದಿಲ್ಲ.

ಇನ್ನೊಂದು ತೊಡಕು ಇದೆ. ಅಳೆಯುವ ಮೊದಲು ನೀವು ಹೈಡ್ರೋಜನ್‌ನಲ್ಲಿ ಕಾಯಿಸುತ್ತೀರಿ. ಆಗ ಅಯಾನ್ ಆಗಿದ್ದ ಪ್ಯಾಲಡಿಯಂ ಹೊರಬಂದು ಲೋಹದ ಕಣವಾಗಬಹುದು. ಅಲ್ಲಿಗೆ ನೀವು ಅಳೆದದ್ದು ನೀವು ತಯಾರಿಸಿದ ವಸ್ತುವನ್ನಲ್ಲ. ಸೀರಿಯಾ ಕೂಡ ಹೈಡ್ರೋಜನ್ ಹೀರುತ್ತದೆ. ಕಾರ್ಬನ್ ಮೋನಾಕ್ಸೈಡ್ ಕೊಟ್ಟರೆ ಕಾರ್ಬೊನೇಟ್ ಕಟ್ಟಿಕೊಳ್ಳುತ್ತದೆ. ಸೀರಿಯಾ ಮೇಲೆ ಲೋಹದ ಕಣಗಳೇ ಇದ್ದರೆ ಸ್ಯಾಂಪಲನ್ನು −80 ಡಿಗ್ರಿ ಆಸುಪಾಸಿಗೆ ಇಳಿಸಿ ಹೈಡ್ರೋಜನ್ ಕೊಡುವ ರೂಢಿಯಿದೆ, ಆ ಚಳಿಯಲ್ಲಿ ಹೈಡ್ರೋಜನ್ ಸೀರಿಯಾಕ್ಕೆ ಹರಿಯುವುದು ತಗ್ಗುತ್ತದೆ. ನಿಮ್ಮದರಲ್ಲಿ ಕಣ ಇದೆಯೋ ಅಯಾನ್ ಇದೆಯೋ ಎಂಬುದನ್ನು ಮೊದಲು ಎಕ್ಸ್‌ಪಿಎಸ್ ಎಂಬ ಎಕ್ಸ್-ಕಿರಣದ ಪರೀಕ್ಷೆಯಲ್ಲಿ ನೋಡಿಸಿ. ಕೆಮಿಸಾರ್ಪ್ಷನ್‌ಗೆ ಸ್ಯಾಂಪಲ್ ಕಳಿಸುವುದು ಅದಾದ ಮೇಲೆ.